ಪಾಸಾಗಿದೆ ಎಂದವಳು ನಾನು

ನಾನು ಸುಳ್ಳು ಹೇಳಿದೆ. ಹನಾ ಹುಟ್ಟಿದ ಮೂರನೆಯ ದಿನ ಆಸ್ಪತ್ರೆಯ ವೈದ್ಯೆ ನನ್ನ ಮುಖ ನೋಡಿ ಅರಬ್ಬಿಯಲ್ಲಿ ಹೇಳಿದರು — ಮಗುವಿನ ಕಿವಿಯ ಪರೀಕ್ಷೆ ಸರಿ ಬಂದಿಲ್ಲ, ಎರಡೂ ಕಿವಿ, ಮೂರು ವಾರದೊಳಗೆ ಮತ್ತೆ ಕರೆತನ್ನಿ, ತಡಮಾಡಬೇಡಿ. ಹಾಸಿಗೆಯಲ್ಲಿ ಮಲಗಿದ್ದ ತಾಯಿ ನಸೀಮಾಳಿಗೆ ಅದನ್ನು ಕನ್ನಡದಲ್ಲಿ ತಿಳಿಸಬೇಕಾದವಳು ನಾನು. ನಾನು ತಿಳಿಸಿದ್ದು ಒಂದೇ ಮಾತು — "ಪಾಸಾಗಿದೆ."

ಇದನ್ನು ಬರೆಯಲು ಕೂತಾಗಲೆಲ್ಲ ಪೆನ್ನು ಮೊದಲು ಓಡುವುದು "ಯಾಕೆ" ಎಂಬ ಕಡೆಗೆ. ನಾಲ್ಕು ಸಲ ಹರಿದು ಹಾಕಿದೆ. ಯಾಕೆ ಎಂಬುದೂ ಬರುತ್ತದೆ, ಬರಲಿ — ಆದರೆ ಅದು ಎರಡನೆಯದು. ಏಳು ವರ್ಷ ನಾನು ಅದನ್ನೇ ಮೊದಲನೆಯದು ಮಾಡಿಕೊಂಡು ಹಾಯಾಗಿ ಊಟ ಮಾಡಿದ್ದೇನೆ.

ನನ್ನ ಹೆಸರು ವಸಂತಿ. ಊರು ಕಾಪುವಿನ ಹತ್ತಿರ, ಮನೆಮಾತು ತುಳು, ಈಗ ಇರುವುದು ಸೌದಿಯಲ್ಲಿ. ಗಂಡ ರಾಸ್ ಅಲ್ ಖೈರ್‌ನಲ್ಲಿ ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರದಲ್ಲಿ ಫೋರ್‌ಮನ್. ಗುರುವಾರ ಸಂಜೆಯ ಬಸ್ಸಿಗೆ ಬಂದು ಶನಿವಾರ ಸಂಜೆ ಹೊರಡುತ್ತಾರೆ. ಉಳಿದ ದಿನ ನಾನು ಖತೀಫಿನ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಟೋಕನ್ ಕೊಡುತ್ತೇನೆ. ಅಲ್ಲಿಗೆ ಬಿಪಿ ನೋಡಿಸಲು ಬರುವ ಅಜ್ಜಿಯರೇ ನನಗೆ ಅರಬ್ಬಿ ಕಲಿಸಿದ ಗುರುಗಳು. ಗಂಡಸರಿಗೆ ಹೆಂಗಸರ ಕ್ರಿಯಾಪದ, ಹೆಂಗಸರಿಗೆ ಗಂಡಸರದ್ದು ಹಚ್ಚಿ ನಾನು ಮಾತಾಡುವಾಗ ಅವರು ನಕ್ಕು ನಕ್ಕು ಸುಸ್ತಾಗಿ, ತಿದ್ದಿ, ಕೈಗೆ ನಾಲ್ಕು ಖರ್ಜೂರ ಇಟ್ಟು ಹೋಗುತ್ತಿದ್ದರು. ಹಾಗೆ ಬಂದ ಭಾಷೆ ಅದು. ಆ ಭಾಷೆಯ ಮೇಲೆ ನನಗೆ ಜಂಬವಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಆ ಜಂಬವನ್ನು ಉಪಯೋಗಕ್ಕೆ ಹಚ್ಚಿದವರು ಜುಲೇಖಕ್ಕ. ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ಗಂಡನದ್ದು ಖತೀಫಿನ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರು ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಹಲ್ಲುನೋವು ಬಂದು, ಗಂಡ ಊರಲ್ಲಿಲ್ಲದಾಗ ಒಬ್ಬರೇ ದಂತವೈದ್ಯರ ಬಳಿ ಹೋದರಂತೆ. ಯಾವ ಹಲ್ಲು ಎಂದು ಹೇಳಲು ಮಾತು ಬರಲಿಲ್ಲ, ಮುಖಕ್ಕೆ ಮುಸುಕು ಬೇರೆ, ನಾಚಿಕೆ ಬೇರೆ. ಬೆರಳು ತೋರಿಸಿದರು. ಪಕ್ಕದ ಒಳ್ಳೆಯ ಹಲ್ಲು ಹೋಯಿತು. ಇವತ್ತಿಗೂ ಹೊಸಬರು ಬಂದಾಗ ತುಟಿ ಎತ್ತಿ ಆ ಸಂದಿ ತೋರಿಸಿ ನಗುತ್ತಾರೆ. "ನನಗೆ ಭಾಷೆ ಇಲ್ಲದೆ ಹೋದದ್ದು ಒಂದು ಹಲ್ಲು ಮಾರಾಯ್ತಿ. ಇನ್ನೊಬ್ಬಳಿಗೆ ಎಂತ ಹೋಗ್ತದೋ, ಯಾರಿಗೆ ಗೊತ್ತುಂಟು?"

ಅದಕ್ಕೇ ಅವರು "ಜೊತೆ" ಕಟ್ಟಿದರು. ಬೋರ್ಡಿಲ್ಲ, ಕಚೇರಿಯಿಲ್ಲ, ಅವರ ಮನೆಯ ಹಾಲ್, ಒಂದು ವಾಟ್ಸ್ಯಾಪ್ ಗುಂಪು, ಹನ್ನೊಂದು ಹೆಂಗಸರು. ಊರಿನಿಂದ ಹೊಸದಾಗಿ ಬಂದ ಹೆಂಡತಿಯರಿಗೆ ಆಸ್ಪತ್ರೆಗೆ, ಶಾಲೆಗೆ, ಇಕಾಮಾ ಎಂಬ ವಾಸದ ಪರವಾನಗಿಯ ಕಚೇರಿಗೆ ಹೋಗಲು ನಮ್ಮಲ್ಲೊಬ್ಬಳು ಜೊತೆ. ಮೊದಲು ಕರಾವಳಿಯವರು ಮಾತ್ರ. ಆಮೇಲೆ ಹೈದರಾಬಾದಿನವರು, ಸುಡಾನಿನವರು, ಫಿಲಿಪೀನ್ಸಿನವರು. ಯಾರು ಬಾಗಿಲು ತಟ್ಟಿದರೂ ಜುಲೇಖಕ್ಕ ಕೇಳುವುದು "ಊಟ ಆಗಿದೆಯಾ?" ಎಂದು. ಹೆಂಗಸರಿಗೆ ಕಾರು ಬಿಡಲು ಇಲ್ಲಿ ಅನುಮತಿ ಸಿಕ್ಕಿದ ಮೇಲೆ, ಐವತ್ತು ದಾಟಿದ ಅವರು ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಲೈಸೆನ್ಸ್ ತೆಗೆದರು. ಈಗ ಅವರ ಕಾರಿನಲ್ಲಿ ಬಸುರಿಯರು, ಮಕ್ಕಳು, ಪಾತ್ರೆಗಳು ಒಟ್ಟೊಟ್ಟಿಗೆ ಪ್ರಯಾಣ ಮಾಡುತ್ತವೆ. ನಾನು ಜೀವನದಲ್ಲಿ ಕಂಡ ದೊಡ್ಡ ಮನುಷ್ಯರ ಪಟ್ಟಿ ಮಾಡಿದರೆ ಅವರ ಹೆಸರಿನ ಮೇಲೆ ಬೇರೆ ಹೆಸರು ಇರುವುದಿಲ್ಲ.

ಜೊತೆಗೆ ಹೋಗುವವರಿಗೆ ಅವರದ್ದು ಒಂದೇ ಕಟ್ಟಳೆ. "ಬಾಯಿ ಮಾತ್ರ ಕೊಡಿ. ಬುದ್ಧಿ ಕೊಡಬೇಡಿ. ಡಾಕ್ಟ್ರು ಹೇಳಿದ್ದು ಅವಳಿಗೆ, ಅವಳು ಹೇಳಿದ್ದು ಡಾಕ್ಟ್ರಿಗೆ. ನಡುವಿಗೆ ನಿಮ್ಮದು ಎಂತದ್ದೂ ಬೇಡ." ಮತ್ತೊಂದು ರೂಢಿಯೂ ಇತ್ತು — ಆಸ್ಪತ್ರೆಯ ಕಡತದಲ್ಲಿ ಸಂಪರ್ಕಕ್ಕೆ ಎಂದು ಬರೆಸುವ ನಂಬರು ಜೊತೆಗಾರ್ತಿಯದ್ದು. ಫೋನ್ ಬಂದರೆ ಅರಬ್ಬಿಯಲ್ಲಿ ಉತ್ತರಿಸಬೇಕಲ್ಲ. ಈ ರೂಢಿ ಎಷ್ಟೋ ಜನರನ್ನು ಕಾಪಾಡಿದೆ. ನಸೀಮಾಳನ್ನು ಕಾಪಾಡಲಿಲ್ಲ, ಯಾಕೆಂದರೆ ಆ ನಂಬರು ನನ್ನದಾಗಿತ್ತು.

ನಸೀಮಾ ಉಳ್ಳಾಲದ ಕಡೆಯ ಹುಡುಗಿ. ವಿಸಿಟ್ ವೀಸಾದಲ್ಲಿ ಬಂದಾಗ ಇಪ್ಪತ್ತೊಂದು ವರ್ಷ, ಐದು ತಿಂಗಳ ಬಸುರಿ. ಗಂಡ ರಫೀಕ್ ಎಸಿ ಮೆಕ್ಯಾನಿಕ್, ಅವನೂ ರಾಸ್ ಅಲ್ ಖೈರ್‌ನ ಕ್ಯಾಂಪಿನಲ್ಲಿ, ಅವನೂ ಗುರುವಾರದ ಬಸ್ಸು. ಮೊದಲ ದಿನ ಕಡಲತೀರದ ರಸ್ತೆಯಲ್ಲಿ ನಡೆಯುವಾಗ ಅವಳು ನಿಂತುಬಿಟ್ಟಳು. "ಅಕ್ಕ, ಇಲ್ಲಿಯ ಸಮುದ್ರ ಎಂತ ಶಬ್ದವೇ ಮಾಡುದಿಲ್ಲ? ಹುಷಾರಿಲ್ವಾ ಅದಕ್ಕೆ?" ಉಳ್ಳಾಲದ ಅಲೆ ಕೇಳಿ ಬೆಳೆದವಳಿಗೆ ಈ ಸಪ್ಪೆ ಕೊಲ್ಲಿ ಸಮುದ್ರವೇ ಅಲ್ಲ. ಅಂಥ ತಮಾಷೆಯ ಹುಡುಗಿ. ನನಗೆ ತಂಗಿಯಿಲ್ಲ. ನಾನು ಅವಳನ್ನು ತಂಗಿ ಎಂದುಕೊಂಡೆ, ಮತ್ತು ಅಲ್ಲಿಯೇ ಎಡವಿದೆ. ತಂಗಿಯ ಬದಲು ನಾವು ಯೋಚಿಸುತ್ತೇವೆ. ಪರರ ಬದಲು ಯೋಚಿಸುವುದಿಲ್ಲ.

ಸಿಸೇರಿಯನ್ ಆಯಿತು. ಮೂರನೆಯ ದಿನ ವೈದ್ಯೆ ಬಂದು ನಾನು ಮೊದಲು ಬರೆದದ್ದನ್ನು ಹೇಳಿದರು. ಕಿವಿಯಲ್ಲಿ ನೀರು ಇದ್ದರೂ ಹೀಗಾಗಬಹುದು, ಆದರೆ ಮತ್ತೆ ನೋಡಲೇಬೇಕು, ಅಷ್ಟನ್ನು ತಾಯಿಗೆ ಸರಿಯಾಗಿ ತಿಳಿಸಿ ಎಂದರು. ನಾನು "ತಿಳಿಸುತ್ತೇನೆ" ಎಂದೆ. ಅವರು ಹೋದರು. ನಸೀಮಾ ನನ್ನ ಮುಖ ನೋಡಿದಳು. ನಾನು ಮಗುವಿನ ಹೊದಿಕೆ ಸರಿಮಾಡಿದೆ — ಸರಿಯಾಗಿಯೇ ಇತ್ತು ಅದು.

ನರ್ಸ್ ಒಂದು ಚೀಟಿ ತಂದುಕೊಟ್ಟಳು, ಅರಬ್ಬಿಯಲ್ಲಿ ಮುದ್ರಿಸಿದ್ದು. ನಸೀಮಾ ಅದನ್ನು ಎತ್ತಿಕೊಂಡಳು. ಮದರಸದಲ್ಲಿ ಕುರ್‌ಆನ್ ಓದಿದವಳು. ಅಕ್ಷರ ಬರುತ್ತದೆ, ಅರ್ಥ ಬಾರದು. "ಇದರಲ್ಲಿ ಮೇಲೆ ಕೆಳಗೆ ಸ್ವರದ ಗುರುತೇ ಹಾಕಲಿಲ್ಲ ಅಕ್ಕ, ಓದುದು ಹೇಗೆ?" ಎಂದು ಗೊಣಗುತ್ತ, ಒಂದೊಂದೇ ಅಕ್ಷರ ಕೂಡಿಸಿ, ಎಷ್ಟು ಚಂದದ ಸ್ವರದಲ್ಲಿ ಓದಿದಳು! ಏನು ಓದುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳುತ್ತಿದ್ದ ನನಗೆ ಪ್ರತಿಯೊಂದು ಪದವೂ ಗೊತ್ತಾಗುತ್ತಿತ್ತು. ಒಂದು ಪದದ ಬಳಿ ಅವಳ ಬೆರಳು ನಿಂತಿತು. ನಮಾಜಿನಲ್ಲಿ ಬಗ್ಗಿ ಏಳುವಾಗ ದಿನಕ್ಕೆ ಎಷ್ಟೋ ಸಲ ಹೇಳುವ ಮಾತಿನಲ್ಲಿ ಅದೇ ಪದ ಇದೆ, ಅದರ ಅರ್ಥ ಮಾತ್ರ ಅವಳಿಗೆ ಗೊತ್ತು.

"ಇದು ಕೇಳುದರ ಬಗ್ಗೆ ಅಲ್ವಾ ಅಕ್ಕ? ಮಗುವಿನ ಕಿವಿಗೆ ಎಂತಾದ್ರೂ ಉಂಟಾ?"

"ಎಲ್ಲ ಮಕ್ಕಳಿಗೂ ಮಾಡ್ತಾರೆ ಮಾರಾಯ್ತಿ. ಪಾಸಾಗಿದೆ."

ಅವಳು ಚೀಟಿಯನ್ನು ಮಡಚಿ ಆಸ್ಪತ್ರೆಯ ಕಡತದೊಳಗೆ ಇಟ್ಟು, "ಅಲ್ಹಮ್ದುಲಿಲ್ಲಾ" ಎಂದು ಕಣ್ಣು ಮುಚ್ಚಿದಳು.

ಈಗ ಯಾಕೆ ಎಂಬುದು. ನಮ್ಮ ಕಡೆ ಬಾಣಂತಿಗೆ ನಲವತ್ತು ದಿನ ಕೆಟ್ಟ ಸುದ್ದಿ ಹೇಳುವುದಿಲ್ಲ. ಹಾಲು ಬತ್ತುತ್ತದೆ, ತಲೆಗೆ ಹತ್ತುತ್ತದೆ ಎನ್ನುತ್ತಾರೆ. ಹಿಂದೂಗಳೂ ಅಷ್ಟೆ, ಬ್ಯಾರಿಗಳೂ ಅಷ್ಟೆ, ಈ ಒಂದು ವಿಷಯದಲ್ಲಿ ಇಡೀ ಕರಾವಳಿಗೆ ಒಂದೇ ಧರ್ಮ. ನನ್ನ ಹೆರಿಗೆಯಾದಾಗ ಅಜ್ಜ ತೀರಿಕೊಂಡದ್ದನ್ನು ನಲವತ್ತನೆಯ ದಿನದ ಸ್ನಾನ ಮುಗಿದ ಮೇಲೆ ಹೇಳಿದರು. ಎಲ್ಲರೂ ನಗುತ್ತ ನನ್ನ ಕೋಣೆಗೆ ಬಂದು, ಹೊರಗೆ ಹೋಗಿ ಕಣ್ಣೊರೆಸಿಕೊಂಡಿದ್ದರು. ಅದನ್ನು ನಾನು ಪ್ರೀತಿ ಎಂದೇ ತಿಳಿದೆ, ಈಗಲೂ ಹಾಗೆಯೇ ತಿಳಿಯುತ್ತೇನೆ. ಆದರೆ ಸತ್ತ ಅಜ್ಜನಿಗೆ ನಲವತ್ತು ದಿನದಲ್ಲಿ ಆಗಬೇಕಾದ್ದು ಏನೂ ಇರಲಿಲ್ಲ. ಹನಾಳಿಗೆ ಇತ್ತು. ಕೌಂಟರಿನಲ್ಲಿ ಕೂತು ಅಷ್ಟು ಚೀಟಿ ಓದಿದವಳಿಗೆ ಅದು ಹೊಳೆಯಲಿಲ್ಲ ಎಂದರೆ ನಂಬುವವರು ಯಾರು? ಹೊಳೆದಿತ್ತು.

ಇಪ್ಪತ್ತೊಂದನೆಯ ದಿನದ ಹಿಂದಿನ ಬೆಳಿಗ್ಗೆ ನನ್ನ ಫೋನಿಗೆ ಆಸ್ಪತ್ರೆಯಿಂದ ಸಂದೇಶ ಬಂತು — ನಾಳೆ ಕಿವಿಯ ಪರೀಕ್ಷೆ, ಮರೆಯಬೇಡಿ. ಅಳಿಸಿದೆ. ಎರಡು ವಾರ ಬಿಟ್ಟು ಇನ್ನೊಂದು — ನೀವು ಬರಲಿಲ್ಲ, ಹೊಸ ದಿನ ಇದು. ಅದನ್ನೂ ಅಳಿಸಿದೆ. ನಲವತ್ತು ದಿನ ಕಳೆಯಲಿ, ನಾನೇ ಹೇಳುತ್ತೇನೆ, ನಾನೇ ಕರೆದುಕೊಂಡು ಹೋಗುತ್ತೇನೆ — ಹಾಗೆಂದು ನನಗೆ ನಾನೇ ಮಾತು ಕೊಟ್ಟೆ.

ನಲವತ್ತನೆಯ ದಿನ ಬಂತು. ಜುಲೇಖಕ್ಕ ಎಣ್ಣೆ ತಿಕ್ಕಿ ನಸೀಮಾಳಿಗೆ ಸ್ನಾನ ಮಾಡಿಸಿದರು, ತುಪ್ಪದನ್ನ ಮಾಡಿದರು. ರಫೀಕ್ ರಜೆ ಹಾಕಿ ಬಂದಿದ್ದ. ಹಳದಿ ಅಂಗಿ ತೊಡಿಸಿದ ಮಗು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗುತ್ತಿತ್ತು. ನಸೀಮಾ ಒದ್ದೆ ಕೂದಲು ಹರಡಿಕೊಂಡು ಕೂತು ನಗುತ್ತಿದ್ದಳು. ಈಗ ಹೇಳಬೇಕು ಎಂದು ಅಡುಗೆಮನೆಗೆ ಕರೆದೆ. ಬಂದಳು. "ಎಂತ ಅಕ್ಕ?" — ನಾನು ಉಪ್ಪಿನಕಾಯಿ ಎಲ್ಲಿದೆ ಎಂದು ಕೇಳಿದೆ.

ಯಾಕೆಂದರೆ ಅಷ್ಟರಲ್ಲಿ ಎರಡು ದಿನಾಂಕ ಕಳೆದಿತ್ತು. ಈಗ ಹೇಳಿದರೆ ಅವಳು ಕೇಳುವ ಮೊದಲ ಪ್ರಶ್ನೆ "ಆವತ್ತೇ ಯಾಕೆ ಹೇಳಲಿಲ್ಲ?" ಎಂಬುದು. ಆ ಪ್ರಶ್ನೆಗೆ ಹೆದರಿ ನಾಳೆ ಎಂದೆ, ಮುಂದಿನ ವಾರ ಎಂದೆ. ಮೊದಲ ನಲವತ್ತು ದಿನ ಸಂಪ್ರದಾಯದ್ದು ಎನ್ನೋಣ. ಆಮೇಲಿನದ್ದೆಲ್ಲ ನನ್ನದು. ಮಗುವಿಗೆ ಐದು ತಿಂಗಳಾದಾಗ ವೀಸಾ ಮುಗಿದು ತಾಯಿ ಮಗಳು ಊರಿಗೆ ಹೋದರು. ಅವರ ವಿಮಾನ ಎದ್ದಿತು ಎಂದು ರಫೀಕ್ ಫೋನ್ ಮಾಡಿದಾಗ ನನಗಾದದ್ದು ದುಃಖವಲ್ಲ, ನಿರಾಳ. ಕಿವಿಯಲ್ಲಿ ನೀರೇ ಇರಬಹುದು, ಸರಿಹೋಗಿರಬಹುದು — ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎರಡು ವರ್ಷ ಕುಡಿದೆ.

ರಫೀಕ್‌ಗೆ ಒಳ್ಳೆಯ ಕೆಲಸ ಸಿಕ್ಕಿ, ಹೆಂಡತಿ ಮಗಳಿಗೂ ಇಕಾಮಾ ಮಾಡಿಸಿ ಕರೆಸಿಕೊಂಡಾಗ ಹನಾಗೆ ಎರಡೂವರೆ ವರ್ಷ. ಒಂದು ಮಾತೂ ಬಾರದು. ಬೇಕಾದ್ದು ಸಿಗದಿದ್ದರೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ಒಣಗಿರುತ್ತಿರಲಿಲ್ಲ. ರಫೀಕನೂ ಮಾತಾಡಲು ತಡಮಾಡಿದ್ದ ಎಂದು ಮನೆಯವರು ಸುಮ್ಮನಿದ್ದರಂತೆ. ಜುಲೇಖಕ್ಕ ಎರಡು ನಿಮಿಷ ನೋಡಿದರು. ಎದ್ದು ಹೋಗಿ, ಮಗುವಿನ ಬೆನ್ನ ಹಿಂದೆ ಸ್ಟೀಲ್ ಬಟ್ಟಲನ್ನು ನೆಲಕ್ಕೆ ಬಿಟ್ಟರು. ನಾವೆಲ್ಲ ಬೆಚ್ಚಿಬಿದ್ದೆವು. ಹನಾ ತನ್ನ ಗೊಂಬೆಯ ಚಪ್ಪಲಿ ಬಿಚ್ಚುತ್ತಲೇ ಇದ್ದಳು.

ದಮ್ಮಾಮಿನ ಬೇರೊಂದು ಆಸ್ಪತ್ರೆಗೆ ಹೋದೆವು. ನಸೀಮಾ ನನ್ನನ್ನೇ ಜೊತೆಗೆ ಕೇಳಿದ್ದಳು. ಅಲ್ಲಿಯ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಕಿವಿ ಕೇಳಿಸುವುದಿಲ್ಲ ಎಂದು ಮೆಲ್ಲಗೆ ಹೇಳಿ, ಹುಟ್ಟಿದಾಗ ಪರೀಕ್ಷೆ ಆಗಿತ್ತೇ ಎಂದು ಕೇಳಿದರು. ನಾನು ಕನ್ನಡಕ್ಕೆ ತಂದೆ. ನಸೀಮಾ ನನ್ನ ಕಡೆಗೇ ತಿರುಗಿ ಹೇಳಿದಳು, "ಆಗಿತ್ತಲ್ಲ, ಪಾಸಾಗಿತ್ತು. ನೀವೇ ಇದ್ರಲ್ಲ ಅಕ್ಕ." ಆ ದಿನ ನಾನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಅದನ್ನು ಅರಬ್ಬಿಗೆ ತಂದೆ — ಆಗಿತ್ತು, ಪಾಸಾಗಿತ್ತು. ಡಾಕ್ಟರು ತಲೆಯಾಡಿಸಿದರು. ಹಾಗಾದರೆ ಹುಟ್ಟಿದ ಮೇಲೆ ಏನೋ ಆಗಿದೆ. ದೊಡ್ಡ ಜ್ವರ ಬಂದಿತ್ತೇ? ಅದನ್ನೂ ನಾನೇ ಕೇಳಿದೆ.

ಬಂದಿತ್ತು. ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ನಸೀಮಾ ತವರಿನ ಮದುವೆಯೊಂದಕ್ಕೆ ಹೋಗಿದ್ದಳು. ಅಲ್ಲಿ ಮೂರು ದಿನ ಜ್ವರ. ಮದುವೆಮನೆಯ ಗದ್ದಲದಲ್ಲಿ ಡಾಕ್ಟರ ಬಳಿ ಹೋದದ್ದು ಮೂರನೆಯ ದಿನ. ಇದನ್ನು ಹೇಳುವಾಗ ಅವಳ ಧ್ವನಿ ಸಣ್ಣದಾಗುತ್ತ ಹೋಗಿ, ಕೊನೆಗೆ ಬರೀ ತುಟಿ ಅಲುಗಿತು. ನಾನು ನೋಡುತ್ತಿದ್ದೆ. ನನ್ನ ಕಣ್ಣೆದುರು ಒಬ್ಬ ತಾಯಿ ತನ್ನ ಮಗಳ ಕಿವಿಯನ್ನು ತಾನೇ ಕೆಡಿಸಿದೆ ಎಂದು ತೀರ್ಮಾನಿಸಿದಳು, ನಾನು ಅವಳ ಬೆನ್ನು ಸವರಿ ಸಮಾಧಾನ ಮಾಡಿದೆ. ಆಸ್ಪತ್ರೆಯ ಮೂರನೆಯ ದಿನದ ಸುಳ್ಳಿಗಿಂತ ಇದು ದೊಡ್ಡದು. ಮೊದಲನೆಯದಕ್ಕೆ ಪ್ರೀತಿ ಎಂಬ ಹೆಸರಾದರೂ ಇತ್ತು.

ಆಮೇಲೆ ಅವಳ ಅತ್ತೆ ವಿಡಿಯೋ ಕಾಲಿನಲ್ಲಿ ದಿನಾ ಅದನ್ನೇ ಹೇಳುತ್ತಿದ್ದರು — ಮದುವೆಯ ಗಮ್ಮತ್ತು ಬೇಕಿತ್ತಲ್ಲ ನಿನಗೆ. ಎಷ್ಟೋ ಸಲ ನಾನು ಅಲ್ಲಿಯೇ ಇದ್ದೆ. ಅತ್ತೆಯಂದಿರ ಬಾಯಿ ಎಂದರೆ ಹಾಗೆಯೇ, ಕಿವಿಗೆ ಹಾಕಿಕೊಳ್ಳಬೇಡ ಎಂದು ಬುದ್ಧಿಯನ್ನೂ ಹೇಳಿದೆ.

ಇನ್ನು ಮುಂದೆ ನಾನು ಹೇಳುವುದು ನಸೀಮಾಳ ಬಗ್ಗೆ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಹಗುರಾಗುತ್ತದೆ. ಬೇಗ ಬಂದಿದ್ದರೆ ಹೆಚ್ಚು ಮಾಡಬಹುದಿತ್ತು ಎಂದರು ಡಾಕ್ಟರು. ಕಿವಿಗೆ ಯಂತ್ರ ಹಾಕಿ ನೋಡಿದರೂ ಹೆಚ್ಚು ಫಲ ಸಿಗಲಿಲ್ಲ. ಆದರೆ ಆ ಹುಡುಗಿ ಅತ್ತದ್ದು ಒಂದು ವಾರ. ಎಂಟನೆಯ ದಿನ ಕಿವುಡ ಮಕ್ಕಳಿಗೆ ಕಲಿಸುವ ಒಬ್ಬ ಸೌದಿ ಟೀಚರಮ್ಮನನ್ನು ಜುಲೇಖಕ್ಕ ಹುಡುಕಿದ್ದರು. ನಸೀಮಾ ಆ ಟೀಚರಮ್ಮನಿಂದ ಕೈಸನ್ನೆಯ ಭಾಷೆ ಕಲಿತಳು, ಸನ್ನೆ ಅರ್ಥವಾಗಲೆಂದು ಅರಬ್ಬಿಯನ್ನೂ ಕಲಿತಳು, ಕಲಿತದ್ದನ್ನು ಅದೇ ಸಂಜೆ ಮಗಳಿಗೆ ದಾಟಿಸಿದಳು. ನೀರು, ಅನ್ನ, ಅಮ್ಮ, ಬೇಡ. "ಬೇಡ" ಎನ್ನಲು ಬಂದ ದಿನದಿಂದ ಹನಾ ಕೈ ಕಚ್ಚುವುದನ್ನು ಬಿಟ್ಟಳು. ಅದಕ್ಕೆ ಮೊದಲು ಎರಡೂವರೆ ವರ್ಷ ಆ ಮಗು ಒಂದು ಪದವೂ ಇಲ್ಲದೆ ಬದುಕಿತ್ತು. ಅಷ್ಟು ವರ್ಷಗಳನ್ನು ಅವಳಿಂದ ತೆಗೆದವಳು ನಾನು.

ಸುದ್ದಿ ಹಬ್ಬಿ ಒಬ್ಬೊಬ್ಬರೇ ತಾಯಂದಿರು ಬಂದರು. ಸುಡಾನಿನವಳು, ಫಿಲಿಪೀನ್ಸಿನ ಒಬ್ಬ ನರ್ಸ್, ಆಮೇಲೆ ಮರಿಸೋಲ್ — ಕೊಲಂಬಿಯಾದವಳು, ಗಂಡ ರಾಸ್ ಅಲ್ ಖೈರ್‌ನಲ್ಲಿ ಎಂಜಿನಿಯರ್, ಅವಳ ಮಗನಿಗೂ ಕಿವಿ ಕೇಳಿಸದು. ಅವಳಿಗೆ ಬರುವುದು ಸ್ಪ್ಯಾನಿಷ್. ಸ್ಪ್ಯಾನಿಷ್ ಮಾತಾಡುವವರು ಇಡೀ ಖತೀಫಿನಲ್ಲಿ ಅವಳ ಮನೆಯವರು ಮಾತ್ರ ಇದ್ದಿರಬೇಕು. ಜುಲೇಖಕ್ಕ ಅವಳಿಗೆ ಕನ್ನಡದಲ್ಲೇ "ಊಟ ಆಗಿದೆಯಾ?" ಎಂದು ಕೇಳಿ ತುಪ್ಪದನ್ನ ಬಡಿಸಿದರು. ಅವಳು ತಿಂದು, ಎದೆಯ ಮೇಲೆ ಕೈಯಿಟ್ಟು ಅತ್ತಳು. ಬಂದು ಏಳು ತಿಂಗಳಲ್ಲಿ ಅವಳನ್ನು ಮನೆಗೆ ಕರೆದವರು ಯಾರೂ ಇರಲಿಲ್ಲವಂತೆ. ಅವಳ ಊರಿನ ಸನ್ನೆ ಬೇರೆ, ಇಲ್ಲಿಯ ಸನ್ನೆ ಬೇರೆ. ನಸೀಮಾ ಎರಡನ್ನೂ ಕಲಸಿ ಒಂದು ಭಾಷೆ ಮಾಡಿಕೊಂಡಳು. ಪ್ರತಿ ಮಂಗಳವಾರ ಜುಲೇಖಕ್ಕನ ಹಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ಕೈಯಲ್ಲಿ ಜಗಳಾಡುತ್ತಾರೆ, ಕೈಯಲ್ಲಿ ಅಡುಗೆ ಹೇಳಿಕೊಡುತ್ತಾರೆ, ಗಂಡಂದಿರನ್ನು ಅಣಕಿಸುತ್ತಾರೆ. ನನ್ನಂಥ ನಡುವಿನವಳ ಅಗತ್ಯವೇ ಅಲ್ಲಿಲ್ಲ. ನಾನು ಚಹಾ ಕೊಡುತ್ತೇನೆ. ಹೋದ ವರ್ಷದ ಕೂಟದಲ್ಲಿ "ಜೊತೆ"ಯಲ್ಲಿ ಬಹಳ ವರ್ಷ ದುಡಿದವಳೆಂದು ನನಗೆ ಶಾಲು ಹೊದಿಸಿದರು. ಹೊದಿಸಿದವಳು ನಸೀಮಾ. "ಅಕ್ಕ ಇಲ್ಲದಿದ್ರೆ ನಾನು ಇಲ್ಲಿ ಮೂಗಿ" ಎಂದಳು ಮೈಕಿನಲ್ಲಿ. ನಾನು ಕೈಮುಗಿದೆ. ಶಾಲು ತೆಗೆದುಕೊಂಡೆ.

ಈ ವರ್ಷ ಅವಳಿಗೆ ಎರಡನೆಯ ಮಗು ಹುಟ್ಟಿತು, ಗಂಡು, ಜಿಯಾದ್. ಈ ಸಲ ಅವಳೇ ಡಾಕ್ಟರ ಬಳಿ ನೇರ ಮಾತಾಡಿದಳು, ನಾನು ಬರೀ ಚೀಲ ಹಿಡಿದು ನಿಂತಿದ್ದೆ. ಕಿವಿ ಚೆನ್ನಾಗಿದೆ ಎಂದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಎಂದುಕೊಂಡೆ. "ಇವನದ್ದೂ ಪಾಸು ಅಕ್ಕ. ಅವಳದ್ದೂ ಪಾಸೇ ಇತ್ತಲ್ಲ. ಹಾಳು ಮಾಡಿದ್ದು ನಾನು." ಅವತ್ತಿನಿಂದ ಅವಳು ಮಗುವನ್ನು ಹೊಸ್ತಿಲು ದಾಟಿಸಲಿಲ್ಲ. ಗಂಟೆಗೊಮ್ಮೆ ಥರ್ಮಾಮೀಟರ್. ಎರಡು ತಿಂಗಳ ಚುಚ್ಚುಮದ್ದಿನ ದಿನ ಬಂತು, ಹೋಗಲಿಲ್ಲ. ಚುಚ್ಚಿದರೆ ಜ್ವರ ಬರುತ್ತದೆ. ಜ್ವರ ಬಂದರೆ ಕಿವಿ ಹೋಗುತ್ತದೆ. ರಫೀಕ್ ಬೇಡಿಕೊಂಡ, ಜುಲೇಖಕ್ಕ ಗದರಿದರು, ಟೀಚರಮ್ಮ ಬಂದು ಹೇಳಿದರು. ಕೇಳಲಿಲ್ಲ. ಪಕ್ಕದ ಕಟ್ಟಡದ ಮಗುವೊಂದಕ್ಕೆ ನಾಯಿಕೆಮ್ಮು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಸುದ್ದಿ ಬಂದಾಗಲೂ ಕೇಳಲಿಲ್ಲ. ಹನಾಳಿಂದ ನಾನು ತೆಗೆದುಕೊಂಡದ್ದು ಸಾಲದು ಎಂಬಂತೆ, ನನ್ನ ಆ ಒಂದು ಮಾತು ಈಗ ಈ ಮಗುವಿನ ಉಸಿರಿನ ಮೇಲೂ ಕೂತಿತ್ತು.

ಮೊದಲು ಜುಲೇಖಕ್ಕನ ಬಳಿ ಹೋದೆ. ಹೇಳಿದೆ, ಪೂರ್ತಿ. ಅವರು ಬಟಾಟೆ ಸುಲಿಯುತ್ತಿದ್ದರು. ಬೈಯುತ್ತಾರೆ, ಅಳುತ್ತಾರೆ, ಕೊನೆಗೆ ತಲೆ ಸವರುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ.

"ಇದನ್ನು ನನ್ನ ಹತ್ರ ಎಂತಕ್ಕೆ ಹೇಳ್ತಿ?" ಎಂದರು. "ಇಲ್ಲಿ ಹೇಳಿ ಹಗುರ ಆಗ್ಬೇಡ. ಏಳು. ಕಾರು ನಾನು ಬಿಡ್ತೇನೆ."

ನಸೀಮಾಳ ಕಟ್ಟಡದ ಮುಂದೆ ನಿಲ್ಲಿಸಿದರು, ಇಳಿಯಲಿಲ್ಲ.

ಬೆಳಗಿನ ಹತ್ತು ಗಂಟೆ. ಹನಾ ಶಾಲೆಗೆ ಹೋಗಿದ್ದಳು. ನಸೀಮಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದಳು. ನಾನು ಕೂರಲಿಲ್ಲ. ಕೂತರೆ ಅವಳು ಚಹಾ ಮಾಡಲು ಹೋಗುತ್ತಾಳೆ, ಚಹಾ ಬಂದರೆ ನಾನು ಮತ್ತೆ ಉಪ್ಪಿನಕಾಯಿ ಕೇಳಿಬಿಡುತ್ತೇನೆ. ನಿಂತಲ್ಲೇ ಹೇಳಿದೆ. ಪಾಸಾಗಿರಲಿಲ್ಲ, ನಸೀಮಾ. ಹನಾಳದ್ದು ಪಾಸಾಗಿರಲಿಲ್ಲ. ಮೂರನೆಯ ದಿನವೇ ಡಾಕ್ಟರು ಹೇಳಿದ್ದರು. ಫೋನಿಗೂ ಬಂದಿತ್ತು, ಎರಡು ಸಲ. ನಾನು ಹೇಳಲಿಲ್ಲ.

ಮಗುವಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು.

"ಆ ಜ್ವರ?"

"ಜ್ವರಕ್ಕೆ ಮೊದಲೇ. ಜ್ವರದಿಂದ ಅಲ್ಲ."

"ಜ್ವರದಿಂದ ಅಲ್ಲ," ಎಂದಳು ಅವಳು, ನನಗಲ್ಲ. ಆಮೇಲೆ ನನ್ನನ್ನು ನೋಡಿದಳು. "ಅತ್ತೆ ನನಗೆ ಹೇಳುವಾಗ ನೀವು ಇಲ್ಲಿಯೇ ಕೂತಿದ್ರಿ. ಇದೇ ಸೋಫಾದಲ್ಲಿ. ಚಾ ಕುಡಿತಾ ಇದ್ರಿ."

ಹೌದು. ಕುಡಿಯುತ್ತಿದ್ದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮಗುವನ್ನು ತೊಟ್ಟಿಲಿಗೆ ಹಾಕಿ, ಕಪಾಟಿನಿಂದ ಅವನ ಚುಚ್ಚುಮದ್ದಿನ ಪುಸ್ತಕ ತೆಗೆದು, ಅಬಾಯಾ ತೊಟ್ಟುಕೊಂಡಳು. ಕೆಳಗೆ ಜುಲೇಖಕ್ಕ ಇದ್ದಾರೆ, ಕಾರಿದೆ ಎಂದೆ. "ನಾನು ಟ್ಯಾಕ್ಸಿಯಲ್ಲಿ ಹೋಗ್ತೇನೆ. ನನಗೆ ಜೊತೆ ಬೇಡ," ಎಂದಳು. ಮಗುವನ್ನು ಎತ್ತಿಕೊಂಡಳು. ಬಾಗಿಲ ಬಳಿ ನಿಂತು ತಿರುಗಿದಳು.

"ರಫೀಕಿಗೆ, ಅತ್ತೆಗೆ ನಾನು ಹೇಳ್ತೇನೆ. ಹನಾಗೆ ಹೇಳುದಿಲ್ಲ. ಅವಳಿಗೆ ನೀವೇ ಹೇಳ್ಬೇಕು. ಅವಳ ಭಾಷೆಯಲ್ಲಿ."

ಜಿಯಾದನಿಗೆ ಆ ದಿನವೇ ಚುಚ್ಚುಮದ್ದು ಆಯಿತು. ಜ್ವರ ಬಂತು, ಮರುದಿನ ಇಳಿಯಿತು. ಇದು ನನಗೆ ಗೊತ್ತಾದದ್ದು ರಫೀಕ್ ಜುಲೇಖಕ್ಕನಿಗೆ ಹೇಳಿ, ಅವರು ನನಗೆ ಹೇಳಿ.

ಅವಳ ಭಾಷೆ — ಇಷ್ಟು ವರ್ಷ ಮಂಗಳವಾರ ಮಂಗಳವಾರ ಚಹಾ ಕೊಟ್ಟ ನನಗೆ ಹನಾಳ ಭಾಷೆಯಲ್ಲಿ ಬರುತ್ತಿದ್ದದ್ದು "ಬಾ" ಮತ್ತು "ಊಟ". ಅಜ್ಜಿಯರಿಂದ ಅರಬ್ಬಿ ಕಲಿತವಳಿಗೆ ಇದು ಕಲಿಯಲಾಗದ್ದಲ್ಲ. ಕಲಿತರೆ ಆ ಮಗು ಎಲ್ಲಿ ನನ್ನನ್ನು ಏನಾದರೂ ಕೇಳಿಬಿಡುವುದೋ ಎಂದು ಕಲಿಯಲಿಲ್ಲ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಈಗ ಮಂಗಳವಾರ ನಾನು ಚಾಪೆಯ ಮೇಲೆ, ಕಲಿಯುವ ತಾಯಂದಿರ ಸಾಲಿನಲ್ಲಿ, ಮರಿಸೋಲಳ ಪಕ್ಕ ಕೂರುತ್ತೇನೆ. ಕಲಿಸುವವಳು ನಸೀಮಾ. ನನ್ನನ್ನು ಬರಬೇಡ ಎನ್ನಲಿಲ್ಲ. ಮಾತಾಡಿಸುವುದೂ ಇಲ್ಲ. ನನ್ನ ಬೆರಳು ತಪ್ಪಿದರೆ ಹತ್ತಿರ ಬಂದು, ಹಿಡಿದು, ಸರಿಯಾದ ಕಡೆ ಮಡಚಿ, ಮುಂದಿನವಳ ಬಳಿಗೆ ಹೋಗುತ್ತಾಳೆ. ಕೈ ಒರಟಾಗಿರುವುದಿಲ್ಲ, ಮೆತ್ತಗೂ ಇರುವುದಿಲ್ಲ.

ಐದು ವಾರದಲ್ಲಿ ನನಗೆ ಬೇಕಾದಷ್ಟು ಬಂದಿದೆ. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ನಿನ್ನ ಅಮ್ಮನ ತಪ್ಪಲ್ಲ. ಕನ್ನಡಿಯ ಮುಂದೆ ನಿಂತು ದಿನಾ ಮಾಡುತ್ತೇನೆ. "ಕ್ಷಮಿಸು" ಎನ್ನುವುದು ಹೇಗೆಂದು ನಾನು ಕೇಳಿಲ್ಲ, ನಸೀಮಾ ಕಲಿಸಿಲ್ಲ. ಈ ಶುಕ್ರವಾರ ಹನಾ ಮನೆಯಲ್ಲಿರುತ್ತಾಳೆ. ಹೋಗಿ ಅವಳ ಎದುರು ಕೂತು ಇಷ್ಟನ್ನೇ ಹೇಳುತ್ತೇನೆ.